ಮೂವತ್ತೊಂದನೇ ನಂಬರಿನ ಅಂಚು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಮರ್ಯಾದೆಯ ಕಾರಣ ಬೇಕು. ಪಕ್ಕದವರು ಎರಡನೇ ಮಹಡಿ ಎಬ್ಬಿಸಿದರು, ಜೊತೆಯಲ್ಲಿ ಕೆಲಸಕ್ಕೆ ಸೇರಿದವನು ಮೇಲಿನ ಕುರ್ಚಿಗೆ ಹೋದ, ತಮ್ಮನ ಮಗಳು ಓದಿನಲ್ಲಿ ಮುಂದೆ ಬಂದಳು, ಇಂಥದ್ದಕ್ಕೆ ಉರಿದುಕೊಂಡರೆ ನಾಲ್ಕು ಜನ ಅರ್ಥ ಮಾಡಿಕೊಳ್ಳುತ್ತಾರೆ. ಇಬ್ಬರು ಜೊತೆಗೆ ಸೇರಿಕೊಂಡು ಉರಿಯಲೂಬಹುದು. ಆದರೆ ಗೀಟಣ್ಣ ಎಂಟು ವರ್ಷದಿಂದ ಉರಿಯುತ್ತಿದ್ದದ್ದು ನಲವತ್ತೊಂಬತ್ತು ರಟ್ಟಿನ ಚೂರುಗಳ ಮೇಲೆ. ಅವೂ ಯಾವುದೋ ಕಾಲದಲ್ಲಿ ಸೋಪಿನ ಜೊತೆ ಪುಕ್ಕಟೆ ಬಂದವು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಗೀಟಣ್ಣ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಪ್ರೆಸ್ಸಿನವರು ಕೊಟ್ಟ ಬಿರುದು. ಇಪ್ಪತ್ತೆರಡು ವರ್ಷದಿಂದ ಆತ ಅದೇ ಪ್ರೆಸ್ಸಿನ ಕಟಿಂಗ್ ಮಷಿನ್ನಿನ ಮುಂದೆ ನಿಂತವನು. ಅಚ್ಚಾಗಿ ಬಂದ ಕಾಗದದ ದಿಂಡನ್ನು ತಟ್ಟಿ, ಕುಟ್ಟಿ, ಸರಿಯಾಗಿ ಕೂರಿಸಿ ಅಲಗು ಇಳಿಸಿದನೆಂದರೆ ಬೆಣ್ಣೆ ಕೊಯ್ದ ಹಾಗೆ ಅಂಚು ಬರುತ್ತಿತ್ತು. ಇಂಥ ಕೆಲಸ ಮಾಡಿದವನ ಕಣ್ಣು ಒಂದು ಲೆಕ್ಕದಲ್ಲಿ ಕೆಟ್ಟುಹೋಗಿರುತ್ತದೆ. ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯ ಕ್ಯಾಲೆಂಡರ್ ನೆಟ್ಟಗೆ ಮಾಡುತ್ತಿದ್ದ. ಮಗಳಿಗೆ ಬ್ರೆಡ್ ಕೊಯ್ದು ಕೊಡಲು ಕೂತರೆ ನಾಲ್ಕೂ ಚೂರು ಒಂದೇ ಅಳತೆಗೆ ಬರುವ ತನಕ ಕೊಯ್ಯುತ್ತ ಹೋಗಿ, ಕೊನೆಗೆ ಮಗುವಿನ ಪಾಲಿಗೆ ಪುಡಿ ಉಳಿಯುತ್ತಿತ್ತು. ಒಮ್ಮೆ ಮದುವೆ ಮನೆಗೆ ಹೊರಟು ನಿಂತ ಹೆಂಡತಿಗೆ, ನಿನ್ನ ಬೈತಲೆ ಮೇಲ್ಗಡೆ ಎರಡು ಮಿಲಿಮೀಟರ್ ಎಡಕ್ಕೆ ಹೋಗಿದೆ ಅಂದುಬಿಟ್ಟ. ಆ ಎರಡು ಮಿಲಿಮೀಟರಿಗೆ ಎರಡು ದಿನ ಮಾತಿರಲಿಲ್ಲ.

ಇನ್ನು ಆ ರಟ್ಟಿನ ಚೂರುಗಳ ಒಡೆಯರು ಯಾರೆಂದರೆ ಸ್ವಂತ ಷಡ್ಡಕರು, ಹೆಂಡತಿಯ ಅಕ್ಕನ ಗಂಡ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಮಾವನವರ ಮನೆಯಲ್ಲೇ ಸಂಸಾರ, ಅದರ ಮುಂದಿನ ಎರಡು ಕೋಣೆಗಳಲ್ಲೇ ಅವರ ಕ್ಲಿನಿಕ್ಕು. ಅರವತ್ತು ವರ್ಷದ ಹಿಂದೆ ಒಂದು ಸೋಪಿನ ಕಾರ್ಖಾನೆ ಪ್ರತಿ ಸೋಪಿನ ಪೊಟ್ಟಣದಲ್ಲೂ ಒಂದೊಂದು ಆಟಗಾರನ ಚಿತ್ರ ಇಟ್ಟು ಮಾರುತ್ತಿತ್ತಂತೆ. ಓಟಗಾರ, ಈಜುಗಾರ್ತಿ, ಪೈಲ್ವಾನ, ಚಕ್ರ ಎಸೆಯುವವನು ಹೀಗೆ ಒಟ್ಟು ಐವತ್ತು. ಇಸ್ಪೀಟಿನ ಎಲೆಗಿಂತ ಸ್ವಲ್ಪ ಚಿಕ್ಕವು. ಒಂದೊಂದೂ ಯಾರೋ ಹೆಸರಿಲ್ಲದ ಕಲಾವಿದ ಕೈಯಲ್ಲಿ ಬರೆದ ಚಿತ್ರದ ಅಚ್ಚು. ಡಾಕ್ಟರು ಊರೂರು ಸುತ್ತಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಮೂಗು ತೂರಿಸಿ ನಲವತ್ತೊಂಬತ್ತು ಕೂಡಿಹಾಕಿದ್ದರು. ಪೇಪರಿನವರು ಬಂದು ಫೋಟೋ ತೆಗೆದುಕೊಂಡು ಹೋಗಿದ್ದರು. ಆ ಪುಟವನ್ನು ಮಾವನವರು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಸಿಕ್ಕರೆ, ಇವರು ನಮ್ಮ ದೊಡ್ಡ ಅಳಿಯಂದಿರು, ಡಾಕ್ಟರು, ದೊಡ್ಡ ಕಲಾರಸಿಕರು ಎಂದು ಪುಟ ಬಿಚ್ಚುವರು. ಆಮೇಲೆ ಗೀಟಣ್ಣನ ಕಡೆ ತಿರುಗಿ, ಇವರು ಚಿಕ್ಕ ಅಳಿಯಂದಿರು ಎನ್ನುವರು. ಅಲ್ಲಿಗೆ ವಾಕ್ಯ ಮುಗಿಯುತ್ತಿತ್ತು.

ಕಿಚ್ಚಿಗೆ ತುಪ್ಪ ಬಿದ್ದದ್ದು ದವಡೆ ಹಲ್ಲಿನ ದೆಸೆಯಿಂದ. ನೋವು ತಡೆಯಲಾರದೆ ಗೀಟಣ್ಣ ಷಡ್ಡಕರ ಕುರ್ಚಿಯಲ್ಲೇ ಮಲಗಬೇಕಾಯಿತು. ಡಾಕ್ಟರು ಬಾಯಿಗೆ ಎರಡೂ ಕಡೆ ಹತ್ತಿ ತುರುಕಿ, ಕೊಕ್ಕೆ ಸಿಕ್ಕಿಸಿ, ಔಷಧಿ ಹಿಡಿಯಲಿ ಎಂದು ಕಾಯುತ್ತ, ಎದುರಿನ ಗೋಡೆಯ ಕಾರ್ಡು ತೋರಿಸಿ ಶುರುಮಾಡಿದರು.

"ಆ ಓಟಗಾರನ ತುಟಿ ನೋಡಿ. ಕೆಂಪು ಬಣ್ಣ ಗೆರೆ ದಾಟಿ ಒಂದು ಕೂದಲೆಳೆ ಆಚೆ ನಿಂತಿದೆ. ಅದಕ್ಕೇ ಏದುಸಿರು ಬಿಡ್ತಾ ಇದಾನೆ ಅನ್ಸುತ್ತೆ. ಎಂಥಾ ಕಲಾವಿದ ಅಂತೀನಿ."

ಗೀಟಣ್ಣನ ಜೀವ ಕುದಿಯಿತು. ಯಾವ ಕಲಾವಿದನೂ ಬೇಕೆಂದು ಮಾಡಿದ್ದಲ್ಲ ಅದು. ಕಪ್ಪು ಹೊಡೆದು ಆಮೇಲೆ ಕೆಂಪು ಹೊಡೆಯುವಾಗ ಕಾಗದ ಜಾರಿದೆ, ಅಷ್ಟೇ. ತನ್ನ ಪ್ರೆಸ್ಸಿನಲ್ಲಿ ಹಾಗೆ ಬಂದರೆ ಧಣಿಗಳು ಇಡೀ ದಿಂಡನ್ನು ರದ್ದಿಗೆ ಹಾಕಿಸುತ್ತಾರೆ. ಈ ಸತ್ಯವನ್ನು ಹೇಳಲೇಬೇಕೆಂದು ಆತ ಕೈ ಎತ್ತಿ, ಕಣ್ಣರಳಿಸಿ, ಹತ್ತಿಯ ಸಂದಿಯಿಂದ ಆಂ ಊಂ ಎಂದು ಹೆಣಗಾಡಿದ. ಡಾಕ್ಟರ ಮುಖ ಅರಳಿತು. ನಿಮಗೂ ಹಾಗೇ ಅನ್ನಿಸ್ತಲ್ವಾ ಎಂದು ಹೆಗಲು ತಟ್ಟಿ, ಉಳಿದ ನಲವತ್ತೆಂಟನ್ನೂ ವಿವರಿಸಿದರು. ಸಂಜೆಯ ಹೊತ್ತಿಗೆ, ತನ್ನ ಗಂಡನಿಗೂ ಈಚೆಗೆ ಕಲೆಯಲ್ಲಿ ಆಸಕ್ತಿ ಹುಟ್ಟಿದೆಯಂತೆ ಎಂಬ ಸುದ್ದಿ ಅಕ್ಕನ ಮೂಲಕ ಹೆಂಡತಿಗೆ ತಲುಪಿತು. ಭಾವನ ಸಹವಾಸದಿಂದ ನಾಲ್ಕಕ್ಷರ ಕಲೀತಿದೀರಿ ಎಂದಳು ಅವಳು. ಊದಿದ ದವಡೆಯ ಮೇಲೆ ಇನ್ನೊಂದು ಏಟು.

ಐವತ್ತರಲ್ಲಿ ಸಿಗದೆ ಹೋದದ್ದು ಮೂವತ್ತೊಂದನೇ ನಂಬರು. ಫುಟ್‌ಬಾಲ್ ಗೋಲ್‌ಕೀಪರ್. ಐವತ್ತೂ ಒಟ್ಟಿಗೆ ಅಚ್ಚಾದರೂ ಆ ಕಾರ್ಡನ್ನು ಪೊಟ್ಟಣಕ್ಕೆ ಹಾಕುವ ಸರದಿ ಎಲ್ಲದರ ಕೊನೆಗೆ ಬಂತಂತೆ, ಆ ಹೊತ್ತಿಗೆ ಕಾರ್ಖಾನೆ ಮುಚ್ಚುವುದರಲ್ಲಿತ್ತು, ಹಾಗಾಗಿ ಹಂಚಿದ್ದೇ ಬೆರಳೆಣಿಕೆಯಷ್ಟು. ಅದರಲ್ಲಿರುವುದು ತಾನೇ ಎಂಬುದು ಮಾವನವರ ವಾದ. ಮಾವನವರು ನಿವೃತ್ತ ಡ್ರಿಲ್ ಮೇಷ್ಟ್ರು, ಹರೆಯದಲ್ಲಿ ಊರಿನ ತಂಡದ ಗೋಲ್‌ಕೀಪರ್ ಆಗಿದ್ದವರು. ಒಂದು ಪಂದ್ಯದ ದಿನ ಗೋಲಿನ ಹಿಂದೆ ಯಾರೋ ಗಡ್ಡದವನು ಕೂತು ಚಿತ್ರ ಬರೆಯುತ್ತಿದ್ದನಂತೆ. ಚಿತ್ರದಲ್ಲಿ ಟೋಪಿಯ ನೆರಳು ಅರ್ಧ ಮುಖ ಮುಚ್ಚಿರುವುದರಿಂದ ವಾದವನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು. ಅವರ ಹತ್ತಿರ ಇದ್ದ ಒಂದೇ ಒಂದು ಕಾರ್ಡನ್ನು ಅತ್ತೆ ಚಡ್ಡಿಯ ಜೇಬಿನ ಸಮೇತ ಒಗೆದುಹಾಕಿದ್ದರು. ಗಂಡುಮಕ್ಕಳಿಲ್ಲದ ಮಾವನವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ ಮಾತು ಒಂದೇ: "ಅದನ್ನ ತಂದುಕೊಟ್ಟವನು ನನಗೆ ಮಗನ ಸಮ."

ಈಗ ಅವರ ಹಳೆಯ ಕ್ಲಬ್ಬಿನ ಹಾಲಿನಲ್ಲಿ ಡಾಕ್ಟರ ಕಾರ್ಡುಗಳ ಪ್ರದರ್ಶನ ನಿಗದಿಯಾಗಿತ್ತು. ಉದ್ಘಾಟನೆ ಮಾವನವರದು. ಮೂವತ್ತೊಂದನೇ ಜಾಗದಲ್ಲಿ ಖಾಲಿ ಚೌಕಟ್ಟು ಹಾಕಿ ಅದರೊಳಗೆ 'ಸಿಕ್ಕಿಲ್ಲ' ಎಂದು ಬರೆಯುವುದೆಂದು ತೀರ್ಮಾನವೂ ಆಗಿತ್ತು.

ಅದಕ್ಕೆ ಎರಡು ವಾರ ಇರುವಾಗ, ಹೊಲಿಗೆ ಕಲಿಸುತ್ತಿದ್ದ ಒಬ್ಬ ಅಜ್ಜಿ ತನ್ನ ಹಳೇ ನಮೂನೆ ಪುಸ್ತಕಕ್ಕೆ ಬೈಂಡಿಂಗ್ ಹಾಕಿಸಲು ಪ್ರೆಸ್ಸಿಗೆ ಬಂದರು. ಗೀಟಣ್ಣ ಪುಸ್ತಕ ತಟ್ಟಿದಾಗ ಅಂಗಿಯ ತೋಳಿಗೂ ಕಾಲರಿಗೂ ನಡುವಿನಿಂದ ಗೋಲ್‌ಕೀಪರ್ ಉದುರಿಬಿದ್ದ. ಮೂಲೆಯಲ್ಲಿ ಮೂವತ್ತೊಂದು. ಗೀಟಣ್ಣ ಬಗ್ಗಿ ಎತ್ತಿದವನು ಮೊದಲು ತನ್ನ ಜೇಬು ಮುಟ್ಟಿ ನೋಡಿಕೊಂಡ. ಆದರೂ ಮನುಷ್ಯ ಪ್ರಾಮಾಣಿಕ. ಅಜ್ಜಿಗೆ ತೋರಿಸಿ, ಇದು ಬೆಲೆಯುಳ್ಳದ್ದು, ನನಗೆ ತುಂಬಾ ಬೇಕಾಗಿದೆ ಎಂದು ಕೇಳಿಯೇ ಕೇಳಿದ. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಈ ಗಂಡಸನ್ನ ನಲವತ್ತು ವರ್ಷದಿಂದ ಪುಟ ಗುರುತಿಗೆ ಇಟ್ಕೊಂಡಿದೀನಿ, ಒಂದು ದಿನ ಒಂದು ಗುಂಡಿ ಹೊಲಿದುಕೊಟ್ಟಿಲ್ಲ, ಧಾರಾಳವಾಗಿ ತಗೊಂಡು ಹೋಗಿ ಎಂದರು.

ಇನ್ನು ಮುಂದೆ ನಡೆದದ್ದನ್ನು ದಯವಿಟ್ಟು ಗೀಟಣ್ಣನ ಕಣ್ಣಿನಿಂದ ನೋಡಬೇಕು. ಕಾರ್ಡಿನ ಸುತ್ತ ಬಿಳಿಯ ಅಂಚಿತ್ತು. ಎಡಕ್ಕೆ ಮೂರು ಮಿಲಿಮೀಟರ್, ಬಲಕ್ಕೆ ಒಂದು. ಮೇಲ್ಗಡೆ ಓರೆ. ನಾಲ್ಕು ಮೂಲೆಗಳೂ ಮುದಿನಾಯಿಯ ಕಿವಿಯ ಹಾಗೆ ಮಡಚಿ ಸವೆದಿದ್ದವು. ಇಂಥದ್ದನ್ನು ಮಾವನವರ ಕೈಗೆ ಕೊಡುವುದೆಂದರೆ ಮಗಳನ್ನು ತಲೆ ಬಾಚದೆ ಸ್ಕೂಲಿನ ಫೋಟೋಗೆ ಕಳಿಸಿದ ಹಾಗೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಗೀಟಣ್ಣ ಕೈ ತೊಳೆದುಕೊಂಡು, ಅಲಗಿನ ಬಾಯಿ ಒರೆಸಿ, ಕಾರ್ಡಿನ ಕೆಳಗೂ ಮೇಲೂ ದಪ್ಪ ರಟ್ಟು ಕೊಟ್ಟು, ಉಸಿರು ಬಿಗಿಹಿಡಿದು ನಾಲ್ಕು ಸಲ ಅಲಗು ಇಳಿಸಿದ. ನಾಲ್ಕು ನವಿರಾದ ಪಟ್ಟಿಗಳು ಉಗುರಿನ ಹಾಗೆ ಉದುರಿದವು. ಉಳಿದದ್ದು ಅಂಗೈಯಲ್ಲಿ ಇಟ್ಟರೆ ಚುಚ್ಚುವಂಥ ಮೂಲೆ, ನಾಲ್ಕೂ ಕಡೆ ಒಂದೇ ಅಂಚು. ಇಪ್ಪತ್ತೆರಡು ವರ್ಷದಲ್ಲಿ ಇಷ್ಟು ಚೆನ್ನಾದ ಕೆಲಸ ತನ್ನ ಕೈಯಿಂದ ಬಂದಿಲ್ಲ ಅನ್ನಿಸಿ ಆತನಿಗೆ ಸಣ್ಣಗೆ ಕಣ್ಣು ತುಂಬಿತು.

ಭಾನುವಾರ ಮಾವನವರ ಮನೆಯಲ್ಲಿ ಎಲ್ಲರೂ ಊಟ ಮುಗಿಸಿ ಕೂತಿದ್ದಾಗ ಗೀಟಣ್ಣ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಮಾವನವರು ಅದನ್ನು ನೋಡಿದರು. ಟೋಪಿಯ ನೆರಳನ್ನು ಬೆರಳಿನಿಂದ ಮುಟ್ಟಿದರು. ಎಪ್ಪತ್ತೆಂಟು ವರ್ಷದ ಆ ಡ್ರಿಲ್ ಮೇಷ್ಟ್ರು ಎದ್ದು ಬಂದು ಅಳಿಯನನ್ನು ಅಪ್ಪಿಕೊಂಡು, ಎಲ್ಲಿ ಸಿಕ್ತೋ ಮಗಾ ಇದು ನಿಂಗೆ ಎಂದರು. ಮದುವೆಯಾದ ಹತ್ತು ವರ್ಷದಲ್ಲಿ ಅವರು ಆತನನ್ನು 'ನೀವು' ಬಿಟ್ಟು ಬೇರೆ ಏನೂ ಅಂದಿರಲಿಲ್ಲ. ಅಳಿಯ ಮಗನಾಗುವುದು ಹೀಗೆ ಎಂದು ಗೀಟಣ್ಣನ ಎದೆ ಉಬ್ಬಿತು.

ಆಮೇಲೆ ಡಾಕ್ಟರ ಸರದಿ. ಅವರು ಕಾರ್ಡನ್ನು ಎತ್ತಿಕೊಂಡರು. ಮುಖ ಹತ್ತಿಯ ಬಣ್ಣಕ್ಕೆ ತಿರುಗಿತು.

"ಇದರ ಅಂಚು?"

"ತೆಗೆದೆ ಭಾವ."

"ತೆಗೆದದ್ದು... ಎಲ್ಲಿದೆ?"

"ಕಸದ ಬುಟ್ಟೀಲಿ. ಯಾಕೆ, ಬೇಕಿತ್ತಾ?"

ಡಾಕ್ಟರು ಕೂತರು. ಒಂದು ಲೋಟ ನೀರು ಕುಡಿದರು. ಇನ್ನೊಂದು ಲೋಟ ಕುಡಿದರು. ತುಂಬಾ ಸಂತೋಷ ಎಂದು ಹೇಳಿ ಎದ್ದು ಕ್ಲಿನಿಕ್ಕಿಗೆ ಹೋಗಿ ಬಾಗಿಲು ಹಾಕಿಕೊಂಡರು.

ದಾರಿಯುದ್ದಕ್ಕೂ ಗೀಟಣ್ಣನ ಕಾಲು ನೆಲದ ಮೇಲಿರಲಿಲ್ಲ. ಭಾವನ ಮುಖ ನೋಡಿದ್ಯಾ, ಹೇಗೆ ಉರಿದುಹೋದರು ಎಂದು ಹೆಂಡತಿಗೆ ನಾಲ್ಕು ಸಲ ಹೇಳಿದ. ಹೆಂಡತಿಗೆ ಅನುಮಾನ. ಇಸ್ತ್ರಿ ಪೆಟ್ಟಿಗೆ ತನ್ನ ಹೊಸ ಬಟ್ಟೆಗೆ ಅಂಟಿಕೊಂಡ ದಿನ ಕನ್ನಡಿಯಲ್ಲಿ ಇಂಥದೇ ಮುಖ ನೋಡಿದ ನೆನಪು, ಅದು ಉರಿ ಅಲ್ಲ ಕಣ್ರೀ ಎಂದಳು. ಈ ವಿಷಯದಲ್ಲಿ ತನಗಿರುವ ಅನುಭವ ಅವಳಿಗಿಲ್ಲ ಎಂದುಕೊಂಡ ಗೀಟಣ್ಣ. ಅದು ನಿಜವೂ ಹೌದು. ಎಂಟು ವರ್ಷ ಒಂದೇ ರೋಗ ಅನುಭವಿಸಿದವನಿಗೆ ಕಂಡವರಿಗೆಲ್ಲ ಅದೇ ರೋಗ ಇದ್ದಂತೆ ಕಾಣುತ್ತದೆ.

ಆ ವಾರದಲ್ಲಿ ಸಾಕ್ಷಿಗಳು ಒಂದರ ಹಿಂದೊಂದು ಬಂದವು. ಡಾಕ್ಟರು ಪ್ರೆಸ್ಸಿಗೆ ಫೋನು ಮಾಡಿ, ಕಸ ಇನ್ನೂ ಅಲ್ಲೇ ಇದೆಯೇ, ಆ ಪಟ್ಟಿಗಳು ಸಿಕ್ಕಾವೇ ಎಂದು ಕೇಳಿದರು. ನೋಡಿದಿರಾ, ನನ್ನ ಚೂರುಪಾರು ಸೇರಿಸಿ ಇವರೂ ಒಂದು ಕಾರ್ಡು ಮಾಡಿಕೊಳ್ಳಲು ನೋಡುತ್ತಿದ್ದಾರೆ ಎಂದು ಗೀಟಣ್ಣ ಫೋನಿಗೆ ಕೈ ಅಡ್ಡ ಹಿಡಿದು ಧಣಿಗಳಿಗೆ ವರದಿ ಒಪ್ಪಿಸಿದ. ಆದರೂ ಗೆದ್ದವನು ದೊಡ್ಡ ಮನಸ್ಸು ಮಾಡಬೇಕಲ್ಲ. ಬೇಕಾದರೆ ನಿಮ್ಮ ನಲವತ್ತೊಂಬತ್ತನ್ನೂ ಹೀಗೇ ಮಾಡಿಕೊಡುತ್ತೇನೆ, ನನ್ನ ಮನಸ್ಸಿನಲ್ಲಿ ಏನೂ ಇಲ್ಲ ಎಂದು ಅದೇ ಫೋನಿನಲ್ಲಿ ಹೇಳಿದ. ಆ ಕಡೆಯಿಂದ ಫೋನು ಇಟ್ಟ ಸದ್ದು ಬಂತು. ಮಾರನೆಯ ದಿನ ಹೆಂಡತಿಯ ಅಕ್ಕ, ಇವರು ಗೋಡೆಯ ಕಾರ್ಡುಗಳನ್ನೆಲ್ಲ ಡಬ್ಬಿಗೆ ತುಂಬಿ ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗ್ತಾರೆ, ನಿಮ್ಮನೆಯವರು ಏನಂದ್ರು ಇವರಿಗೆ ಎಂದು ತಂಗಿಯನ್ನು ವಿಚಾರಿಸಿದಳು. ಗೀಟಣ್ಣ ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡ.

ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಹಾಲಿನಲ್ಲಿ ಕಾರ್ಡುಗಳನ್ನು ಜೋಡಿಸುವ ಕೆಲಸ. ಡಾಕ್ಟರು ಒಬ್ಬ ತಜ್ಞರನ್ನು ಕರೆಸಿದ್ದರು. ಹಳೇ ಕಾರ್ಡುಗಳಲ್ಲೇ ತಲೆ ನರೆಸಿಕೊಂಡ ಮನುಷ್ಯ. ಕೈಗೆ ಬಿಳೀ ಗವಸು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಅವರು ಮೂವತ್ತೊಂದನ್ನು ನೋಡಿದರು, ಪುಟ್ಟ ಸ್ಕೇಲು ತೆಗೆದು ಅಳೆದರು, ಮತ್ತೆ ಅಳೆದರು, ಕನ್ನಡಕ ತೆಗೆದು ಒರೆಸಿಕೊಂಡರು. ಇವರಿಗೂ ಹೊತ್ತಿಕೊಂಡಿತು ಎಂದು ಗೀಟಣ್ಣ ಹತ್ತಿರ ಹೋಗಿ ಹೇಗಿದೆ ಎಂದು ಕೇಳಿದ. ಯಾರು ಮಾಡಿದ್ದು ಎಂದರು ತಜ್ಞರು. ನಾನೇ ಎಂದ ಗೀಟಣ್ಣ, ಎದೆ ಮುಂದೆ ಮಾಡಿ.

ತಜ್ಞರು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು, ಪಕ್ಕದಲ್ಲಿ ಕೂರುವಂತೆ ಸನ್ನೆ ಮಾಡಿದರು. ಚಿಕ್ಕ ಮಕ್ಕಳಿಗೆ ಸಾವಿನ ಸುದ್ದಿ ಹೇಳುವ ದನಿಯಲ್ಲಿ ವಿವರಿಸಿದರು. ಹಳೇ ಕಾರ್ಡಿಗೆ ಅದರ ಅಂಚೇ ವಯಸ್ಸು. ಸವೆದ ಮೂಲೆ, ಓರೆಯಾದ ಬಿಳಿ, ಇದೆಲ್ಲ ಇದ್ದರೇನೇ ಅದು ಆ ಕಾಲದ್ದು. ಕತ್ತರಿ ಬಿದ್ದ ಮೇಲೆ ಅದು ಕಾರ್ಡಲ್ಲ, ಬರೀ ಚಿತ್ರ. ಮೂವತ್ತೊಂದನೇ ನಂಬರು ತಾವು ಕಂಡ ಹಾಗೆ ಮೂರೇ ಮೂರು ಉಳಿದಿದ್ದವು. ಇನ್ನು ಮೇಲೆ ಎರಡು.

"ನಿಮ್ಮ ಷಡ್ಡಕರು ಬೈಲಿಲ್ವಾ ನಿಮಗೆ?"

"ಇಲ್ಲ."

"ಒಂದು ಮಾತೂ ಅನ್ನಲಿಲ್ವಾ?"

"ನೀರು ಕುಡಿದ್ರು."

"ದೊಡ್ಡ ಮನುಷ್ಯ" ಎಂದರು ತಜ್ಞರು.

ಗೀಟಣ್ಣನಿಗೆ ಭಾವನ ಲೆಕ್ಕ ಈಗ ಹೊಂದಿತು. ಮಾವನ ಮುಂದೆ ತನ್ನ ಮಾನ ಹೋಗಬಾರದೆಂದು ಆ ಮನುಷ್ಯ ಎರಡು ಲೋಟ ನೀರಿನ ಜೊತೆ ಇಡೀ ದುಃಖ ನುಂಗಿದ್ದಾನೆ. ಓದಿನಲ್ಲಿ ಮುಂದೆ, ಕಲೆಯಲ್ಲಿ ಮುಂದೆ, ಹಾಳಾಗಿ ಹೋಗಲಿ ಎಂದರೆ ಈಗ ಒಳ್ಳೆಯತನದಲ್ಲೂ ಮುಂದೆ. ಪಶ್ಚಾತ್ತಾಪ ಪಡೋಣವೆಂದು ಹೊರಟರೆ ಅದರ ಕೆಳಗೂ ಹೊಟ್ಟೆಕಿಚ್ಚೇ ಉರಿಯುತ್ತಿತ್ತು.

ಅಷ್ಟರಲ್ಲಿ ಮಾವನವರು ಬಂದರು. ನಿವೃತ್ತಿಯಾಗಿ ಇಪ್ಪತ್ತು ವರ್ಷವಾದರೂ ಅವರ ಕತ್ತಿನಲ್ಲಿ ಸೀಟಿ ನೇತಾಡುತ್ತಿತ್ತು, ಮನೆಯ ಬಾಗಿಲಲ್ಲಿ ಚಪ್ಪಲಿಗಳು ಇಂದಿಗೂ ಎತ್ತರದ ಪ್ರಕಾರ ನಿಲ್ಲುತ್ತಿದ್ದವು. ಅವರು ಹಾಲಿನ ಈ ತುದಿಯಲ್ಲಿ ಒಂದು ಕಣ್ಣು ಮುಚ್ಚಿ ಕಾರ್ಡುಗಳ ಸಾಲು ನೋಡಿದರು. ಮೂವತ್ತೊಂದರ ಹತ್ತಿರ ಬಂದು ನಿಂತರು. ನಲವತ್ತೊಂಬತ್ತು ಒಂದು ಅಳತೆ, ಇದೊಂದು ಅದಕ್ಕಿಂತ ಸಣ್ಣದು. ಸಾಲು ಕೆಟ್ಟಿತ್ತು. ಸಾಲು ಕೆಟ್ಟರೆ ಅವರು ಯಾರನ್ನೂ ಬಿಟ್ಟವರಲ್ಲ, ತಮ್ಮ ಚಿತ್ರವನ್ನು ಬಿಟ್ಟಾರೆಯೇ? ಆದರೆ ಚಿಕ್ಕದಾಗಿರುವುದೇ ಅಚ್ಚುಕಟ್ಟಾಗಿತ್ತು. ದೊಡ್ಡವೆಲ್ಲ ಅಂಕುಡೊಂಕು.

"ಮಗಾ, ಈ ನಲವತ್ತೊಂಬತ್ತನ್ನೂ ಇದೇ ಅಳತೆಗೆ ಕತ್ತರಿಸಿಬಿಡು. ಈಗಲೇ ಹೋಗೋಣ."

ತಜ್ಞರ ಕೈಯಿಂದ ಭೂತಗನ್ನಡಿ ಜಾರಿತು. ಡಾಕ್ಟರು ಬಾಯಿ ತೆರೆದರು. ಮಾವ ಎಂದರು. ಏನು ಎಂದು ಮಾವ ಈ ಕಡೆ ತಿರುಗಿದರು. ಹನ್ನೆರಡು ವರ್ಷದಿಂದ ಆ ಮನೆಯಲ್ಲಿದ್ದು, ಆ ಮುಂದಿನ ಕೋಣೆಗಳಲ್ಲಿ ನೂರಾರು ಜನರ ಬಾಯಿ ತೆರೆಸಿದ್ದ ಡಾಕ್ಟರು ತಮ್ಮದನ್ನು ಮುಚ್ಚಿಕೊಂಡು, ಏನಿಲ್ಲ ಮಾವ ಎಂದರು.

ಹೀಗೆ ಮೆರವಣಿಗೆ ಪ್ರೆಸ್ಸಿಗೆ ಬಂತು. ಮುಂದೆ ಸೀಟಿಯ ಮಾವ, ಹಿಂದೆ ಡಬ್ಬಿಯನ್ನು ಎಳೆಮಗುವಿನ ಹಾಗೆ ಎದೆಗೊತ್ತಿಕೊಂಡ ಡಾಕ್ಟರು, ಅವರ ಹಿಂದೆ ಬಿಳೀ ಗವಸಿನ ತಜ್ಞರು, ಕೊನೆಯಲ್ಲಿ ಗೀಟಣ್ಣ. ಪ್ರೆಸ್ಸಿನ ಧಣಿಗಳು ಯಾವುದೋ ದೊಡ್ಡ ಆರ್ಡರು ಬಂತೆಂದು ಕುರ್ಚಿ ಹಾಕಿಸಿ, ವಿಷಯ ತಿಳಿದು, ಅಯ್ಯೋ ಇದೇನು ಮಹಾ, ನಮ್ಮ ಗೀಟಣ್ಣನಿಗೆ ಐದು ನಿಮಿಷದ ಕೆಲಸ ಎಂದರು. ಡಾಕ್ಟರು ಡಬ್ಬಿಯನ್ನು ಮಷಿನ್ನಿನ ಮೇಲಿಟ್ಟು, ಗೋಡೆಯ ಕಡೆ ತಿರುಗಿ ನಿಂತರು.

ಗೀಟಣ್ಣ ಡಬ್ಬಿ ತೆಗೆದ. ನಲವತ್ತೊಂಬತ್ತನ್ನೂ ಒಟ್ಟು ಸೇರಿಸಿ ಹಿಡಿದರೆ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣ ದಿಂಡು. ಎಂಟು ವರ್ಷದ ಉರಿ ಈಗ ಆತನ ಕಿವಿಯಲ್ಲಿ ಬಹಳ ಸಮಾಧಾನದಿಂದ ಮಾತಾಡಿತು. ನಾಲ್ಕು ಸಲ ಅಲಗು ಇಳಿದರೆ ಸಾಕು, ನಲವತ್ತೊಂಬತ್ತೂ ಬರೀ ಚಿತ್ರಗಳು. ಪೇಪರಿನವರು ಬರುವುದಿಲ್ಲ, ಜೇಬಿನ ಪುಟ ಹಳತಾಗುತ್ತದೆ. ತಪ್ಪು ನಿನ್ನದಲ್ಲ, ಹಿರಿಯರ ಅಪ್ಪಣೆ. ಮೇಲಾಗಿ ಇನ್ನು ಮೇಲೆ ನೀನು ಮಗ.

ದಿಂಡನ್ನು ಅಭ್ಯಾಸಬಲದಿಂದ ಒಮ್ಮೆ ತಟ್ಟಿದ. ಅಂಚು ಕೂರಲಿಲ್ಲ. ಯಾಕೆ ಕೂರುವುದಿಲ್ಲ ಎಂದು ಒಂದೊಂದನ್ನೇ ಎತ್ತಿ ನೋಡಿದ. ಒಂದರಿಂದ ಹನ್ನೆರಡರ ತನಕ ಕತ್ತರಿಕೆ ನೆಟ್ಟಗಿತ್ತು. ಹದಿಮೂರರಿಂದ ಸ್ವಲ್ಪ ಓರೆ. ಇಪ್ಪತ್ತರ ಹೊತ್ತಿಗೆ ಓರೆ ಜಾಸ್ತಿ, ಎಡಗೈ ಸೋತಾಗ ಬೀಳುವಂಥ ಓರೆ. ಇಪ್ಪತ್ತಾರರಲ್ಲಿ ಇದ್ದಕ್ಕಿದ್ದಂತೆ ಮತ್ತೆ ನೆಟ್ಟಗೆ. ಊಟ ಮಾಡಿ ಬಂದಿದ್ದಾನೆ, ಅಂದುಕೊಂಡ ಗೀಟಣ್ಣ. ಮೂವತ್ತರಿಂದ ಮತ್ತೆ ಕೈ ಜಾರಿತ್ತು. ಐವತ್ತನೆಯದು ಮನೆಗೆ ಹೊರಡುವ ಅವಸರದಲ್ಲಿ ಹೊಡೆದದ್ದು. ಅರವತ್ತು ವರ್ಷದ ಹಿಂದೆ ಇಂಥದೇ ಮಷಿನ್ನಿನ ಮುಂದೆ, ಇಂಥದೇ ನೋಯುವ ಸೊಂಟ ಇಟ್ಟುಕೊಂಡು ನಿಂತಿದ್ದ ಒಬ್ಬನ ಇಡೀ ದಿನ ಗೀಟಣ್ಣನ ಅಂಗೈಯಲ್ಲಿತ್ತು. ಮೂವತ್ತೊಂದನೆಯದೂ ಅವನದೇ ಕೈ. ಅದನ್ನು ಮಾತ್ರ ತಾನು ಅಳಿಸಿದ್ದ. ಡಾಕ್ಟರಿಗೆ ತುಟಿ ಕಂಡಿತ್ತು, ತಜ್ಞರಿಗೆ ವಯಸ್ಸು ಕಂಡಿತ್ತು, ಈ ಮನುಷ್ಯ ಮಾತ್ರ ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಗೀಟಣ್ಣ ದಿಂಡನ್ನು ಡಬ್ಬಿಯಲ್ಲಿಟ್ಟ.

"ಇದು ನನ್ನ ಕೈಲಿ ಆಗಲ್ಲ ಮಾವ."

"ಆಗಲ್ಲ ಅಂದ್ರೆ?"

"ನೆಟ್ಟಗೆ ಕತ್ತರಿಸೋಕೆ ನನಗೆ ಬರಲ್ಲ."

ಧಣಿಗಳು ಕುರ್ಚಿಯಿಂದ ಎದ್ದರು. ಏನು ಹುಚ್ಚಪ್ಪಾ ನಿನಗೆ, ಜಿಲ್ಲೆಯಲ್ಲೇ ಇಂಥ ಕೈ ಇಲ್ಲ ಎಂದು ಎಲ್ಲರಿಗೂ ಸಾರಿದರು. ಮೂವತ್ತೊಂದನೆಯದನ್ನು ಯಾರು ಕತ್ತರಿಸಿದ್ದು ಹಾಗಾದರೆ ಎಂದರು ಮಾವ. ಅದು ಅದೃಷ್ಟ, ಹೇಗೋ ಬಂತು ಎಂದ ಗೀಟಣ್ಣ. ಮಾವ ನಂಬಲಿಲ್ಲ. ರದ್ದಿ ಕಾಗದ ಕೊಟ್ಟು, ಕತ್ತರಿಸಿ ತೋರಿಸು ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಕಷ್ಟದ ಕೆಲಸ ಗೀಟಣ್ಣನಿಗೆ ಬಂದಿರಲಿಲ್ಲ. ಓರೆಯಾಗಿ ಇಟ್ಟು ಅಲಗು ಇಳಿಸಿದ. ಕಣ್ಣಿಗೆ ತಿಳಿಯದ ಹಾಗೆ ಕೈ ತಾನಾಗಿಯೇ ಸರಿಮಾಡಿಕೊಂಡು ಅಂಚು ನೆಟ್ಟಗೆ ಬಂತು. ಇನ್ನೊಂದು ಸಲ ನೋಡಿದ. ಮತ್ತೆ ನೆಟ್ಟಗೆ. ಧಣಿಗಳು ಚಪ್ಪಾಳೆ ತಟ್ಟಿದರು. ಮೂರನೇ ಸಲ ಗೀಟಣ್ಣ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮಗಳ ಬ್ರೆಡ್ಡನ್ನೂ ಹೆಂಡತಿಯ ಬೈತಲೆಯನ್ನೂ ಮನಸ್ಸಿನಿಂದ ದೂರ ತಳ್ಳಿ ಅಲಗು ಇಳಿಸಿದ. ಕಾಗದ ಬಾಳೆಹಣ್ಣಿನ ಹಾಗೆ ಸೊಟ್ಟಗೆ ಬಂತು. ಧಣಿಗಳ ಚಪ್ಪಾಳೆ ಅರ್ಧಕ್ಕೆ ನಿಂತಿತು. ಇಂಥದ್ದನ್ನು ಇಷ್ಟು ವರ್ಷ ಗಿರಾಕಿಗಳಿಗೆ ಕೊಟ್ಟಿದ್ದೇವೆಯೇ ಎಂದು ಅವರು ಅಲ್ಲೇ ಇದ್ದ ಒಂದು ರಸೀತಿ ಪುಸ್ತಕ ಎತ್ತಿ ಬೆಳಕಿಗೆ ಹಿಡಿದು ಪರೀಕ್ಷಿಸತೊಡಗಿದರು.

ಮಾವನವರು ಆ ಸೊಟ್ಟ ಕಾಗದವನ್ನು ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿ ಕೆಳಗಿಟ್ಟರು.

"ಇರಲಿ ಬಿಡಿ, ಚಿಕ್ಕ ಅಳಿಯಂದಿರೇ. ನಿಮ್ಮಿಂದ ಆಗದಿದ್ರೆ ಏನು ಮಾಡೋಕಾಗುತ್ತೆ."

ಆ 'ನೀವು' ಅಲಗಿನ ಹಾಗೆ ಇಳಿಯಿತು. ಆರು ದಿನದ ಮಗ ಮತ್ತೆ ಅಳಿಯನಾದ. ಗೋಡೆಯ ಕಡೆ ತಿರುಗಿದ್ದ ಡಾಕ್ಟರು ಈಗ ಈ ಕಡೆ ತಿರುಗಿ ಗೀಟಣ್ಣನನ್ನೇ ನೋಡುತ್ತಿದ್ದರು. ಹಲ್ಲಿನ ಡಾಕ್ಟರಿಗೆ ಕೈಗೆಲಸ ಬಲ್ಲವನ ಕೈ ಯಾವುದು ಎಂದು ಗೊತ್ತಾಗದೆ ಇರುವುದಿಲ್ಲ.

ಮಾವನವರ ತಲೆ ಅಷ್ಟಕ್ಕೇ ನಿಲ್ಲುವಂಥದ್ದಲ್ಲ. ನಲವತ್ತೊಂಬತ್ತು ಚಿಕ್ಕದಾಗುವುದಿಲ್ಲವಾದರೆ ಒಂದು ದೊಡ್ಡದಾಗಲಿ, ಇದಕ್ಕೇ ಸುತ್ತ ಪಟ್ಟಿ ಅಂಟಿಸಿ ಬೆಳೆಸಿ ಎಂದರು. ಧಣಿಗಳು ಯಾವ ಅಂಟು ಒಳ್ಳೆಯದೆಂದು ಯೋಚಿಸತೊಡಗಿದರು. ತಜ್ಞರು ಕಣ್ಣು ಮುಚ್ಚಿಕೊಂಡರು. ಆಗ ಹನ್ನೆರಡು ವರ್ಷದಲ್ಲಿ ಮೊದಲನೇ ಸಲ ಡಾಕ್ಟರು ಮಾವನಿಗೆ ಎದುರು ಮಾತಾಡಿದರು.

"ಮಾವ, ಡ್ರಿಲ್ ಮಾಡಿಸೋವಾಗ ನಾಯಕ ಎಲ್ಲಿ ನಿಲ್ತಾನೆ? ಸಾಲಿನ ಒಳಗಾ, ಹೊರಗಾ?"

"ಹೊರಗೆ. ಎಲ್ಲರಿಗಿಂತ ಮುಂದೆ. ಒಬ್ಬನೇ."

"ಇದು ನಿಮ್ಮ ಚಿತ್ರ ಅಲ್ವಾ? ಸಾಲಿನಲ್ಲಿ ಯಾಕೆ ನಿಲ್ಲಿಸಬೇಕು?"

ಮಾವ ಸೀಟಿ ಊದಿದರು. ತೀರ್ಮಾನವಾಯಿತು.

ಪ್ರದರ್ಶನದ ದಿನ ಬಾಗಿಲಿನ ಎದುರಿಗೇ ಒಂದು ಸ್ಟ್ಯಾಂಡಿನ ಮೇಲೆ ದೀಪದ ಕೆಳಗೆ ಮೂವತ್ತೊಂದನೇ ನಂಬರು ಒಂಟಿಯಾಗಿ ನಿಂತಿತು, ಅದರ ಪಕ್ಕದಲ್ಲಿ ಅದೇ ಭಂಗಿಯಲ್ಲಿ ಮಾವನವರು. ಬಂದವರೆಲ್ಲ ಅಲ್ಲೇ ನಿಂತರು. ಮುಖ ಹೋಲಿಸಿ ನೋಡಿದರು, ಟೋಪಿ ಹಾಕಿಕೊಳ್ಳಿ ಎಂದು ಒತ್ತಾಯ ಮಾಡಿದರು, ಜೊತೆಗೆ ಫೋಟೋ ತೆಗೆಸಿಕೊಂಡರು. ಪೇಪರಿನವರೂ ಅಲ್ಲಿಂದ ಮುಂದೆ ಬರಲಿಲ್ಲ. ಇದೊಂದೇ ಯಾಕೆ ಇಷ್ಟು ನೀಟಾಗಿದೆ ಎಂದು ಯಾರೋ ಕೇಳಿದ್ದಕ್ಕೆ ಮಾವನವರು, ಇದು ಕ್ಷೌರ ಮಾಡಿಸಿಕೊಂಡು ಬಂದಿದೆ, ಒಳಗಿರೋವೆಲ್ಲ ಹಾಗೇ ಎದ್ದು ಬಂದಿವೆ ಎಂದರು. ಹಾಲೆಲ್ಲ ನಕ್ಕಿತು.

ಒಳಗೆ ನಲವತ್ತೊಂಬತ್ತು ಕಾರ್ಡುಗಳ ಮುಂದೆ ಡಾಕ್ಟರು ಒಬ್ಬರೇ ನಿಂತಿದ್ದರು. ಹೊಸ ಕೋಟು. ಕೈಯಲ್ಲಿ ತೋರಿಸುವ ಕಡ್ಡಿ. ಬಾಗಿಲ ಕಡೆಯಿಂದ ನಗು ಕೇಳಿಬಂದಾಗಲೆಲ್ಲ ಅವರ ದವಡೆಯ ಸ್ನಾಯು ಸಣ್ಣಗೆ ಅದುರುತ್ತಿತ್ತು, ತುಟಿಯ ಮೇಲೆ ನಗು ಮಾತ್ರ ಮೊಳೆ ಹೊಡೆದ ಹಾಗೆ ಹಾಗೇ ಇತ್ತು. ಗೀಟಣ್ಣ ಕಂಬದ ಪಕ್ಕದಿಂದ ಆ ಮುಖ ನೋಡಿದ. ಈ ಸಲ ತಪ್ಪುವ ಮಾತೇ ಇರಲಿಲ್ಲ. ಎಂಟು ವರ್ಷದಿಂದ ದಿನಾ ಬೆಳಗ್ಗೆ ಗಡ್ಡ ಕೆರೆಯುವಾಗ ಕನ್ನಡಿಯಲ್ಲಿ ನೋಡಿದ ಮುಖ ಅದು.

ಇಷ್ಟಕ್ಕೆ ಆತ ಕುಣಿದಾಡಬೇಕಿತ್ತು. ಯಾಕೋ ಕಾಲು ಏಳಲಿಲ್ಲ. ಮನುಷ್ಯ ತನ್ನ ರೋಗ ಇನ್ನೊಬ್ಬರಿಗೆ ಅಂಟಿಸಿದಾಗ ಹೋಗಿ ಮಾತಾಡಿಸಿಕೊಂಡು ಬರುವುದಾದರೂ ಧರ್ಮ. ಗೀಟಣ್ಣ ಹೋಗಿ ಸಾಲಿನ ಮೊದಲ ಕಾರ್ಡಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ.

"ಭಾವ, ಇದರ ವಿಶೇಷ ಏನು ಸ್ವಲ್ಪ ಹೇಳಿ. ಅವತ್ತು ಬಾಯಿ ತೆಗೆದಿತ್ತು, ಕಿವಿಗೆ ಸರಿಯಾಗಿ ಹೋಗಲಿಲ್ಲ."

ಡಾಕ್ಟರು ಆತನ ಮುಖ ನೋಡಿದರು. ದವಡೆ ಸಡಿಲವಾಯಿತು. ಕಡ್ಡಿ ಮೇಲೆದ್ದಿತು. ಈಜುಗಾರ್ತಿಯ ಮೊಣಕೈಯಿಂದ ಜಾರುವ ಒಂದು ಹನಿಯ ಮೇಲೆ ಹದಿನೈದು ನಿಮಿಷ, ಪೈಲ್ವಾನನ ಕುತ್ತಿಗೆಯ ನೆರಳಿಗೆ ಇಪ್ಪತ್ತು, ಚಕ್ರ ಎಸೆಯುವವನ ಹೆಬ್ಬೆಟ್ಟಿಗೆ ಎಷ್ಟೆಂದು ಗೀಟಣ್ಣ ಗಡಿಯಾರ ನೋಡುವುದನ್ನು ಬಿಟ್ಟುಬಿಟ್ಟಿದ್ದ. ಏಳನೇ ನಂಬರು ಮುಗಿಯುವ ಹೊತ್ತಿಗೆ ಹಾಲಿನ ಅರ್ಧ ದೀಪ ಆರಿಸಿದ್ದರು, ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಹೊರಟುಹೋಗಿದ್ದಳು. ಇನ್ನೂ ನಲವತ್ತೆರಡು ಬಾಕಿ ಇದ್ದವು. ಗೀಟಣ್ಣ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಹೊಟ್ಟೆಕಿಚ್ಚಾದರೆ ಹಾಯಾಗಿ ಮನೆಯಲ್ಲಿ ಕೂತುಕೊಂಡೇ ಪಡಬಹುದಿತ್ತು.